ಹಿತ್ತಲ ಕೋಳಿ ಸಾಕಣೆ: ಅಂದಾಜು ಪಟ್ಟಿಯಲ್ಲಿ ಬಿಟ್ಟುಹೋಗುವ ಮೊಟ್ಟೆಗೂಡು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಹಿತ್ತಲ ಕೋಳಿ ಸಾಕಣೆಯ ಪ್ರಸ್ತಾವ ಪಂಚಾಯಿತಿಯ ಮುಂದೆ ಬಂದಾಗ ಸಾಮಾನ್ಯವಾಗಿ ಚರ್ಚೆಯಾಗುವ ವಿಷಯಗಳು ಮೂರು: ಫಲಾನುಭವಿಗಳು ಯಾರು, ಮರಿಗಳು ಎಷ್ಟು, ಶೆಡ್ಡಿನ ಅಳತೆ ಎಷ್ಟು. ತಳಪಾಯ, ಗೋಡೆ, ಜಾಲರಿ, ಚಾವಣಿ ಎಲ್ಲವೂ ಅಂದಾಜು ಪಟ್ಟಿಯಲ್ಲಿ ಸ್ಥಾನ ಪಡೆಯುತ್ತವೆ. ಕೋಳಿ ಮೊಟ್ಟೆ ಇಡುವ ಜಾಗ ಮಾತ್ರ ಅನೇಕ ಸಲ ಬಿಟ್ಟುಹೋಗುತ್ತದೆ. ಕಾಮಗಾರಿ ಮುಗಿದಾಗ ತೆಗೆಯುವ ಛಾಯಾಚಿತ್ರದಲ್ಲಿ ಆ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಾಣುವುದು ತಿಂಗಳುಗಳ ನಂತರ, ಮನೆಯ ಹೆಣ್ಣುಮಗಳು ಹುಲ್ಲಿನ ಬಣವೆ, ಸೌದೆ ರಾಶಿ, ಮಂಚದ ಅಡಿ ಎಂದು ಮೊಟ್ಟೆ ಹುಡುಕುತ್ತ ತಿರುಗುವಾಗ. ಅಷ್ಟರಲ್ಲಿ ಕೆಲವು ನಾಯಿಯ ಪಾಲು, ಕೆಲವು ಮುಂಗುಸಿಯ ಪಾಲು, ಕೆಲವು ಕಾಗೆಯ ಪಾಲು ಆಗಿರುತ್ತವೆ.

ಈ ನಷ್ಟ ಸಣ್ಣದೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಕರ್ನಾಟಕದ ಹಿತ್ತಲುಗಳಿಗೆಂದೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ತಳಿಯ ಹೇಂಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಅನಂತರ ಬಂದ ಸ್ವರ್ಣಧಾರ ಅದಕ್ಕಿಂತಲೂ ಹೆಚ್ಚು ಕೊಡುತ್ತದೆ. ನಾಟಿ ಕೋಳಿಯದು ಇವುಗಳ ಅರ್ಧದಷ್ಟೂ ಆಗುವುದು ಕಷ್ಟ. ಹತ್ತು ಗಿರಿರಾಜ ಹೇಂಟೆಗಳಿರುವ ಮನೆಯಲ್ಲಿ ತಲಾ 140ರಂತೆ ವರ್ಷಕ್ಕೆ 1,400 ಮೊಟ್ಟೆಗಳಾಗಬೇಕು. ಎಂಟರಲ್ಲಿ ಒಂದು ಒಡೆದೋ ಕಳೆದೋ ಹೋಯಿತೆಂದು ಭಾವಿಸಿದರೆ 175 ಮೊಟ್ಟೆಗಳು ಹೋದವು. ಒಂದಕ್ಕೆ 10 ರೂಪಾಯಿ ಎಂದು ಹಿಡಿದರೆ 1,750 ರೂಪಾಯಿ. ಮೊಟ್ಟೆಯ ಹಣ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೈಯಲ್ಲಿಯೇ ಉಳಿಯುವ ಹಣ. ಸಂಘದ ವಾರದ ಉಳಿತಾಯ, ಮಕ್ಕಳ ನೋಟ್‌ಬುಕ್ಕು, ಸಂತೆಯ ಉಪ್ಪುಮೆಣಸು ಇದರಿಂದಲೇ ನಡೆಯುತ್ತವೆ. ಎರಡು ಬುಟ್ಟಿ ಮತ್ತು ಒಂದು ಹೊರೆ ಹುಲ್ಲು ಈ ನಷ್ಟದ ಬಹುಭಾಗವನ್ನು ತಡೆಯಬಲ್ಲವು.

ಗೂಡನ್ನು ಆರಿಸುವ ಮೊದಲು ಕೋಳಿ ಏನನ್ನು ಬಯಸುತ್ತದೆ ಎಂಬುದನ್ನು ಅರಿಯುವುದು ಅವಶ್ಯಕ; ಏಕೆಂದರೆ ಅದಕ್ಕೆ ಅಂದಾಜು ಪಟ್ಟಿ ಓದಲು ಬರುವುದಿಲ್ಲ. ಮೊದಲ ಮೊಟ್ಟೆ ಇಡುವ ಮುನ್ನ ಕೆಲವು ದಿನಗಳ ಕಾಲ ಹೇಂಟೆ ಮೂಲೆಮೂಲೆಗೆ ಹೋಗಿ, ಇಣುಕಿ, ಕೆದಕಿ, ಕುಳಿತು ನೋಡುತ್ತದೆ. ಅದು ಹುಡುಕುವುದು ಮಬ್ಬುಗತ್ತಲು, ಮೂರು ಕಡೆ ಮರೆ, ಕಾಲಿನಿಂದ ಕೆದಕಿ ಗುಳಿ ಮಾಡಿಕೊಳ್ಳಬಹುದಾದ ಮೆತ್ತನೆಯ ಹಾಸು. ಅಲ್ಲಿ ಈಗಾಗಲೇ ಒಂದು ಮೊಟ್ಟೆ ಇದ್ದರೆ ನಂಬಿಕೆ ಇನ್ನೂ ಹೆಚ್ಚು. ಇದೇ ಕಾರಣಕ್ಕೆ ಮೂರು ಗೂಡು ಖಾಲಿ ಇದ್ದರೂ ನಾಲ್ಕು ಕೋಳಿಗಳು ಒಂದೇ ಗೂಡಿನ ಮುಂದೆ ಸರತಿ ನಿಲ್ಲುವ ದೃಶ್ಯ ಎಲ್ಲರ ಹಿತ್ತಲಿನಲ್ಲಿಯೂ ಕಾಣುತ್ತದೆ. ಮೊದಲ ಕೆಲವು ಮೊಟ್ಟೆಗಳನ್ನು ಎಲ್ಲಿ ಇಟ್ಟಿತೋ ಅದೇ ಸ್ಥಳ ಅದಕ್ಕೆ ರೂಢಿಯಾಗುತ್ತದೆ. ಬಣವೆಯಲ್ಲಿ ಇಡಲು ಕಲಿತ ಕೋಳಿಯನ್ನು ಗೂಡಿಗೆ ತಿರುಗಿಸುವುದು ಬಹಳ ಪ್ರಯಾಸದ ಕೆಲಸ.

ಆದ್ದರಿಂದ ಮೊಟ್ಟೆ ಆರಂಭವಾಗುವ ಎರಡು ಮೂರು ವಾರ ಮೊದಲೇ ಗೂಡು ಶೆಡ್ಡಿನಲ್ಲಿರಬೇಕು. ಮೊಟ್ಟೆಯಾಕಾರದ ಬಿಳಿ ಕಲ್ಲನ್ನೋ ಸುಣ್ಣ ಬಳಿದ ಮರದ ತುಂಡನ್ನೋ ಒಳಗಿಟ್ಟರೆ ಹೇಂಟೆಗೆ ದಾರಿ ತೋರಿಸಿದಂತಾಗುತ್ತದೆ. ಹಳ್ಳಿಯ ಅಜ್ಜಿಯರು ಎಲ್ಲ ಮೊಟ್ಟೆಗಳನ್ನೂ ಎತ್ತದೆ ಒಂದನ್ನು ಬುಟ್ಟಿಯಲ್ಲಿಯೇ ಬಿಡುತ್ತಿದ್ದುದರ ತಿಳಿವಳಿಕೆಯೂ ಇದೇ; ಕಲ್ಲಿಟ್ಟರೆ ಆ ಒಂದು ಮೊಟ್ಟೆಯೂ ಉಳಿಯುತ್ತದೆ. ಹೆಚ್ಚಿನ ಮೊಟ್ಟೆಗಳು ಮಧ್ಯಾಹ್ನದ ಒಳಗೆ ಬೀಳುತ್ತವೆ. ಬೆಳಕು ಹರಿಯುತ್ತಲೇ ಶೆಡ್ಡಿನ ಬಾಗಿಲು ತೆಗೆದುಬಿಟ್ಟರೆ ಮೊಟ್ಟೆಯೂ ಕೋಳಿಯೊಂದಿಗೆ ಹೊರಗೆ ನಡೆಯಿತೆಂದೇ ಅರ್ಥ. ಮೊದಲ ಮೂರು ನಾಲ್ಕು ವಾರಗಳಲ್ಲಿ ನೀರು, ಮೇವನ್ನು ಒಳಗೇ ಇಟ್ಟು ಹತ್ತು ಗಂಟೆಯವರೆಗೆ ಬಾಗಿಲು ಮುಚ್ಚಿದ್ದರೆ ಗೂಡಿನ ರೂಢಿ ಗಟ್ಟಿಯಾಗುತ್ತದೆ. ಈ ಒಂದು ಮಾತನ್ನು ಮರಿ ವಿತರಣೆಯ ದಿನ ಫಲಾನುಭವಿಗಳಿಗೆ ತಿಳಿಸಿದರೆ ಸಾಲದು. ಅಂದು ಎಲ್ಲರ ಗಮನ ಮರಿಗಳ ಮೇಲಿರುತ್ತದೆ; ಮೊಟ್ಟೆಯ ಕಾಲ ಸಮೀಪಿಸಿದಾಗ ಮತ್ತೊಮ್ಮೆ ಹೇಳುವವರು ಬೇಕು.

ಅಳತೆಯ ವಿಷಯದಲ್ಲಿ ಒಂದೇ ಮಾದರಿಯನ್ನು ಎಲ್ಲರಿಗೂ ಕೊಡುವುದು ಸರಿಯಲ್ಲ. ನಾಟಿ ಹೇಂಟೆ ಒಂದೂವರೆ ಕಿಲೋ ಮೀರುವುದು ಅಪರೂಪ. ಅದಕ್ಕೆ ಉದ್ದ, ಅಗಲ, ಎತ್ತರ ತಲಾ 12 ಅಂಗುಲದ ಗೂಡು ಸಾಕು. ಗಿರಿರಾಜ, ಸ್ವರ್ಣಧಾರ ಹೇಂಟೆಗಳು ಮೂರು ಕಿಲೋ ಆಸುಪಾಸು ತೂಗುತ್ತವೆ. ಇವಕ್ಕೆ 14 ಅಂಗುಲ ಅಗಲ, 15–16 ಅಂಗುಲ ಎತ್ತರ ಬೇಕು. ಇಕ್ಕಟ್ಟಾದರೆ ಕೋಳಿ ತಿರುಗುವಾಗ ತನ್ನ ಮೊಟ್ಟೆಯನ್ನು ತಾನೇ ತುಳಿಯುತ್ತದೆ. ತೀರ ವಿಶಾಲವಾದರೆ ಎರಡು ಮೂರು ಕೋಳಿಗಳು ಒಟ್ಟಿಗೆ ನುಗ್ಗಿ ಜಗಳದಲ್ಲಿ ಒಡೆಯುತ್ತವೆ. ಮುಂಭಾಗದಲ್ಲಿ ನಾಲ್ಕು ಅಂಗುಲದ ಅಡ್ಡಪಟ್ಟಿ ಇದ್ದರೆ ಹುಲ್ಲು, ಮೊಟ್ಟೆ ಎರಡೂ ಹೊರಗೆ ಉರುಳುವುದಿಲ್ಲ. ನಾಲ್ಕೈದು ಹೇಂಟೆಗಳಿಗೆ ಒಂದು ಗೂಡಿನಂತೆ ಹತ್ತು ಕೋಳಿಗಳ ಮನೆಗೆ ಎರಡು ಕನಿಷ್ಠ, ಮೂರು ಉತ್ತಮ.

ಯಾವುದರಿಂದ ಮಾಡಿದ ಗೂಡು ಎಂಬುದು ಪಂಚಾಯಿತಿ ನಿಜವಾಗಿ ಯೋಚಿಸಬೇಕಾದ ಪ್ರಶ್ನೆ. ಮಾರಾಟಗಾರರು ಮೊದಲು ತೋರಿಸುವುದು ಸತುವು ಲೇಪಿತ ತಗಡಿನಲ್ಲಿ ಮಾಡಿದ, ಹತ್ತು ಖಾನೆಗಳ ಜೋಡಣೆಯನ್ನು. ಅದು ನೂರಾರು ತಾಯಿಕೋಳಿಗಳಿರುವ, ಗಾಳಿಯಾಡುವ ದೊಡ್ಡ ಶೆಡ್ಡುಗಳಿಗೆ ರೂಪಿಸಿದ ಸಾಮಗ್ರಿ. ತೊಳೆಯಲು ಸುಲಭ, ಬಾಳಿಕೆ ಹೆಚ್ಚು ಎಂಬುದು ಸತ್ಯ. ಆದರೆ ತಗ್ಗು ಚಾವಣಿಯ ಕೋಳಿಮನೆಯಲ್ಲಿ, ಅದರಲ್ಲೂ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಕಡೆ, ತಗಡಿನ ಗೂಡು ಕಾದ ಹಂಚಿನಂತಾಗುತ್ತದೆ. ಕೋಳಿ ಒಳಗೆ ಕಾಲಿಡುವುದಿಲ್ಲ. ಇಟ್ಟ ಮೊಟ್ಟೆ ಬಹಳ ಹೊತ್ತು ಕೆಡದೆ ಉಳಿಯುವುದೂ ಇಲ್ಲ. ಹದಿನೈದು ಕಿಲೋ ಎಣ್ಣೆ ಡಬ್ಬಿಯನ್ನು ಅಡ್ಡ ಮಲಗಿಸಿ ಗೂಡು ಮಾಡುವ ಪದ್ಧತಿಗೂ ಇದೇ ದೋಷವಿದೆ. ಮೇಲಾಗಿ ಅದರ ಬಾಯಿ ಒಂಬತ್ತು ಅಂಗುಲ ಚಿಲ್ಲರೆ ಮಾತ್ರ. ಗಿರಿರಾಜ ಹೇಂಟೆಗೆ ಅದು ಸಾಲದು, ಕತ್ತರಿಸಿದ ಅಂಚು ಕಾಲನ್ನೂ ಜುಟ್ಟನ್ನೂ ಕೊಯ್ಯುತ್ತದೆ.

ಹಳೆಯ ಪ್ಲಾಸ್ಟಿಕ್ ಹಣ್ಣಿನ ಕ್ರೇಟು ಅಗ್ಗ, ತೊಳೆಯಲು ಅನುಕೂಲ. ಎಲ್ಲ ಕಡೆ ತೂತುಗಳಿರುವುದರಿಂದ ಮೂರು ಬದಿಗೆ ಗೋಣಿಚೀಲ ಸುತ್ತಿ ಮರೆ ಮಾಡಿದರೆ ಮಾತ್ರ ಕೋಳಿ ಒಪ್ಪುತ್ತದೆ. ಮರದ ಪೆಟ್ಟಿಗೆ ಮಲೆನಾಡಿನ ಥಂಡಿಗೆ ಒಳ್ಳೆಯದು. ಅದರ ಶತ್ರು ಹುಳ. ರಕ್ತ ಹೀರುವ ಕೆಂಪು ನುಸಿಗಳು ಹಗಲು ಹಲಗೆಯ ಸಂದುಗಳಲ್ಲಿ ಅಡಗಿದ್ದು ರಾತ್ರಿ ಕೋಳಿಯ ಮೈಗೆ ಹತ್ತುತ್ತವೆ. ಕೋಳಿ ಇದ್ದಕ್ಕಿದ್ದಂತೆ ಗೂಡನ್ನು ತೊರೆದರೆ ಮೊದಲು ಈ ಸಂದುಗಳನ್ನು ನೋಡಬೇಕು. ಮೊಳೆ ಕಡಿಮೆ, ಸಂದು ಕಡಿಮೆ ಇರುವ ಪೆಟ್ಟಿಗೆಯನ್ನು ಆರಿಸಿ, ಆಗಾಗ ಕುದಿಯುವ ನೀರು ಸುರಿದು, ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿಯುವುದು ಸರಳ ಕ್ರಮ.

ಉಳಿದದ್ದು ಬಿದಿರಿನ ಬುಟ್ಟಿ ಮತ್ತು ಕುಂಬಾರರ ಅಗಲ ಬಾಯಿಯ ಮಣ್ಣಿನ ಬಾನಿ. ಬಯಲುಸೀಮೆಯ ಹತ್ತು ಕೋಳಿಗಳ ಮನೆಗೆ ಇವೆರಡಕ್ಕಿಂತ ಸೂಕ್ತವಾದುದು ಬೇರೊಂದಿಲ್ಲ. ಬುಟ್ಟಿಯಲ್ಲಿ ಗಾಳಿಯಾಡುತ್ತದೆ, ದುಂಡು ತಳದಲ್ಲಿ ಮೊಟ್ಟೆಗಳು ನಡುವಿಗೆ ಸರಿದು ಒಟ್ಟುಗೂಡುತ್ತವೆ, ಮೂಲೆಯೇ ಇಲ್ಲದ ಕಾರಣ ಕೊಳೆ ನಿಲ್ಲುವುದು ಕಡಿಮೆ. ಮೇಲೆ ಮರೆಯಿಲ್ಲ ಎಂಬ ಕೊರತೆಯನ್ನು ಓರೆಯಾಗಿ ಒರಗಿಸಿದ ಒಂದು ಹಲಗೆ ನೀಗಿಸುತ್ತದೆ. ಹಲಗೆ ಓರೆಯಾಗಿಯೇ ಇರಬೇಕು. ಮಟ್ಟವಾಗಿದ್ದರೆ ಕೋಳಿಗಳು ಅದರ ಮೇಲೆ ಮಲಗಿ ಹಿಕ್ಕೆಯನ್ನು ಗೂಡಿಗೆ ಬೀಳಿಸುತ್ತವೆ. ಬುಟ್ಟಿಯ ಹೆಣಿಗೆಯಲ್ಲೂ ನುಸಿ ಸೇರುವುದುಂಟು. ಅದಕ್ಕೂ ಕುದಿನೀರು, ಬಿಸಿಲೇ ಮದ್ದು, ಮತ್ತು ಕೆಟ್ಟ ಬುಟ್ಟಿಯನ್ನು ಒಲೆಗೆ ಹಾಕಿ ಹೊಸದನ್ನು ತರಲು ಯಾರಿಗೂ ಭಾರವಾಗುವುದಿಲ್ಲ. ತಗಡಿನ ಜೋಡಣೆಗೆ ಈ ಮಾತು ಅನ್ವಯಿಸದು.

ಹಾಸಿಗೆಗೆ ಆಯಾ ಪ್ರದೇಶದಲ್ಲಿ ಸಿಗುವ ಒಣ ಭತ್ತದ ಹುಲ್ಲು, ರಾಗಿ ಹುಲ್ಲು, ಮರದ ಹೊಟ್ಟು, ಮಲೆನಾಡಿನಲ್ಲಿ ಒಣಗಿದ ತರಗೆಲೆ ಯಾವುದಾದರೂ ಆಗಬಹುದು. ಎರಡು ಮೂರು ಅಂಗುಲ ದಪ್ಪವಿರಲಿ. ಜೋಳದ ದಂಟು ಒರಟು. ಮುಗ್ಗಿದ ಕಡಲೆಕಾಯಿ ಸಿಪ್ಪೆಯಲ್ಲಿ ಬೂಷ್ಟು ವಿಷದ ಅಪಾಯವಿದೆ. ಒದ್ದೆಯಾದುದನ್ನು ಅದೇ ದಿನ ಬದಲಿಸಬೇಕು. ಹಾಸು ಶುಚಿಯಾಗಿದ್ದರೆ ಮೊಟ್ಟೆ ತೊಳೆಯುವ ಪ್ರಸಂಗವೇ ಬರುವುದಿಲ್ಲ, ಮತ್ತು ಅದು ಬರಬಾರದು. ಚಿಪ್ಪಿನ ಮೇಲಿನ ತೆಳುವಾದ ಸಹಜ ಲೇಪ ತೊಳೆದಾಗ ಹೋಗುತ್ತದೆ. ತೊಳೆದ ಮೊಟ್ಟೆ ಬೇಗ ಕೆಡುತ್ತದೆ.

ಗೂಡನ್ನು ಇಡುವ ಎತ್ತರದ ಕುರಿತು ಹೆಚ್ಚು ತಪ್ಪುಗಳು ನಡೆಯುತ್ತವೆ. ಹಗುರ ಮೈಯ ನಾಟಿ ಕೋಳಿ ಅಟ್ಟಕ್ಕೂ ಹಾರುತ್ತದೆ. ಗೋಡೆಗೆ ಎರಡು ಅಡಿ ಎತ್ತರದಲ್ಲಿ ಕಟ್ಟಿದ ಬುಟ್ಟಿ ಅದಕ್ಕೆ ಹಿತ. ಭಾರದ ಗಿರಿರಾಜ ಅಷ್ಟು ಎತ್ತರದಿಂದ ಧುಮುಕಿ ಅಂಗಾಲಿಗೆ ಪೆಟ್ಟು ಮಾಡಿಕೊಳ್ಳುತ್ತದೆ, ಇಲ್ಲವೇ ಹತ್ತುವ ಗೋಜಿಗೇ ಹೋಗದೆ ನೆಲದಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೆ ನೆಲದಿಂದ ಅರ್ಧ ಅಡಿ, ಹೆಚ್ಚೆಂದರೆ ಒಂದು ಅಡಿ. ತಳಿ ಯಾವುದಾದರೂ ರಾತ್ರಿ ಕೂರುವ ಅಡ್ಡಗಳುವಿಗಿಂತ ಗೂಡು ಕೆಳಗಿರಬೇಕು. ಕೋಳಿಗಳು ಸಿಕ್ಕ ಅತಿ ಎತ್ತರದ ಜಾಗದಲ್ಲಿ ಮಲಗುತ್ತವೆ, ಮಲಗಿದಲ್ಲಿ ಹೊಲಸು ಮಾಡುತ್ತವೆ. ಬಾಗಿಲಿನ ಬೆಳಕು ನೇರವಾಗಿ ಬೀಳದ ಮೂಲೆ ಶ್ರೇಷ್ಠ. ಬೆಳಕು ಹೆಚ್ಚಾದ ಗೂಡಿನಲ್ಲಿ ಒಡೆದ ಮೊಟ್ಟೆ ಕಣ್ಣಿಗೆ ಬಿದ್ದು, ಕೋಳಿ ಅದನ್ನು ಕುಕ್ಕಿ ರುಚಿ ಹತ್ತಿಸಿಕೊಂಡಿತೆಂದರೆ ಆ ಚಟವನ್ನು ಬಿಡಿಸುವುದು ಕಷ್ಟ. ದಿನಕ್ಕೆ ಎರಡು ಬಾರಿ ಮೊಟ್ಟೆ ಎತ್ತುವುದೇ ಇದಕ್ಕೆ ಒಳ್ಳೆಯ ತಡೆ. ಗೂಡು ಸರಿಯಿದ್ದೂ ಮೊಟ್ಟೆ ಒಡೆಯುತ್ತಿದ್ದರೆ ಚಿಪ್ಪು ತೆಳುವಾಗಿದೆ ಎಂದು ತಿಳಿದು ಕಪ್ಪೆಚಿಪ್ಪಿನ ಪುಡಿ ಕೊಡಬೇಕು. ಆ ದೋಷ ಬುಟ್ಟಿಯದಲ್ಲ.

ಮೊಟ್ಟೆ ಇಡುವ ಗೂಡು ಬೇರೆ, ಕಾವು ಕೂರಿಸುವ ಬುಟ್ಟಿ ಬೇರೆ ಎಂಬ ಭೇದವನ್ನೂ ಇಲ್ಲಿ ಹೇಳಬೇಕಾಗಿದೆ. ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣ ಬಹುಮಟ್ಟಿಗೆ ಇಲ್ಲ. ನಾಟಿ ಹೇಂಟೆ ಮಾತ್ರ ಒಂದು ಸರದಿ ಮೊಟ್ಟೆ ಮುಗಿದೊಡನೆ ಗೂಡನ್ನು ಹಿಡಿದು ಕುಳಿತುಬಿಡುತ್ತದೆ. ಉಳಿದ ಕೋಳಿಗಳು ಹೊರಗೆ ಇಡತೊಡಗುತ್ತವೆ. ಅಂತಹ ಹೇಂಟೆಯನ್ನು ರಾತ್ರಿ ಹೊತ್ತು ಎತ್ತಿ, ಕತ್ತಲ ಮೂಲೆಯ ಬಾನಿಯಲ್ಲಿ ಮರಳು, ಅದರ ಮೇಲೆ ಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಕೂರಿಸಬೇಕು. ಬಿರುಬೇಸಿಗೆಯಲ್ಲಿ ಬಾನಿಯ ಕೆಳಗಿನ ಮರಳನ್ನು ತೇವವಾಗಿಟ್ಟರೆ ಮೊಟ್ಟೆಗಳು ತೀರ ಒಣಗುವುದಿಲ್ಲ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕೆಲವೆಡೆ ಕಬ್ಬಿಣದ ಚೂರು, ಇದ್ದಿಲು ಇಡುವ ವಾಡಿಕೆಯಿದೆ. ಅದರಿಂದ ಹಾನಿಯೇನಿಲ್ಲ, ಆದರೆ 21 ದಿನ ಹತ್ತಿರದಲ್ಲಿ ನೀರು, ಕಾಳು ಇಡುವುದು ಅದಕ್ಕಿಂತ ಮುಖ್ಯ.

ಇನ್ನು ಪಂಚಾಯಿತಿಯ ಪಾತ್ರ. ಕೋಳಿ ಶೆಡ್ಡಿನ ಕ್ರಿಯಾಯೋಜನೆ ಸಿದ್ಧವಾಗುವಾಗಲೇ ಮೊಟ್ಟೆಗೂಡು ಒಂದು ಪ್ರತ್ಯೇಕ ಬಾಬ್ತಾಗಿ ಸೇರಿದೆಯೇ ಎಂದು ಸದಸ್ಯರು ಕೇಳಬೇಕು. ಸೇರಿಸಲು ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಶೆಡ್ಡಿನ ನಕ್ಷೆಯಲ್ಲಿ ಬೆಳಕಿಗೆ ಎದುರಲ್ಲದ ಗೋಡೆಯ ಬುಡದಲ್ಲಿ ಮೂರು ಗೂಡು ಹಿಡಿಸುವಷ್ಟು ಜಾಗವನ್ನಾದರೂ ಬಿಡಿಸಬೇಕು. ಬುಟ್ಟಿಯನ್ನು ಫಲಾನುಭವಿಯೇ ತಂದುಕೊಳ್ಳಬಹುದು. ಖರೀದಿ ಮಾಡುವುದಾದರೆ ಊರಿನ ಅಥವಾ ನೆರೆಯೂರಿನ ಮೇದಾರ ಕುಟುಂಬಗಳಿಂದ, ಕುಂಬಾರರಿಂದ, ಸಂಜೀವಿನಿ ಒಕ್ಕೂಟದ ಮೂಲಕ ತರಿಸುವುದು ದೂರದ ಸರಬರಾಜುದಾರನ ತಗಡಿಗಿಂತ ಲೇಸು. ಹಣ ಊರಿನಲ್ಲಿಯೇ ಸುತ್ತುತ್ತದೆ, ಅಳತೆ ತಪ್ಪಿದರೆ ಕರೆದು ಹೇಳಬಹುದು. ತಳಿ ಯಾವುದೆಂದು ಪಶು ಆಸ್ಪತ್ರೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಬುಟ್ಟಿಯ ಅಳತೆ ಹೇಳಬೇಕು. ಬಾಯಿ 14 ಅಂಗುಲವೆಂದು ಕಾಗದದಲ್ಲಿ ಬರೆದು ಕೊಡುವ ಬದಲು ಒಂದು ಅಳತೆಕೋಲನ್ನೇ ಕೊಟ್ಟರೆ ವಾದಕ್ಕೆ ಎಡೆಯಿರುವುದಿಲ್ಲ.

ಬಿದಿರು ತರಲು, ಸೀಳಲು, ಹೆಣೆಯಲು ಸಮಯ ಬೇಕು. ಮರಿಗಳು ಸಾಮಾನ್ಯವಾಗಿ ಐದಾರು ವಾರದ ಪ್ರಾಯದಲ್ಲಿ ವಿತರಣೆಯಾಗುತ್ತವೆ, ಗಿರಿರಾಜ ಸುಮಾರು 24ನೇ ವಾರಕ್ಕೆ ಮೊಟ್ಟೆಗೆ ಬರುತ್ತದೆ. ಗೂಡು ಎರಡು ವಾರ ಮೊದಲೇ ಇರಬೇಕೆಂದರೆ ವಿತರಣೆಯ ದಿನದಿಂದ ಲೆಕ್ಕ ಹಾಕಿ ಸುಮಾರು 16 ವಾರಗಳೊಳಗೆ ಬುಟ್ಟಿಗಳು ಮನೆ ಸೇರಬೇಕು. ಮರಿಗಳಿಗೆ ಬೇಡಿಕೆ ಸಲ್ಲಿಸುವ ಸಭೆಯಲ್ಲಿಯೇ ಬುಟ್ಟಿಗೂ ಮುಂಗಡ ಹೇಳುವುದು ಸೂಕ್ತ.