ಮನೆಯೊಳಗಿನ ನ್ಯಾಯ
(ಬೈಲಹೊಂಗಲದ ಸಭೆಯಲ್ಲಿ ಮಾಡಿದ ಭಾಷಣ)



1934ರಲ್ಲಿ ಬಂದ ಕನ್ನಡದ ಮೊದಲ ಬೋಲಪಟಗಳು ಪುರಾಣದ ಕಥೆಗಳು. 1936ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ‘ಸಂಸಾರ ನೌಕೆ’ ನಾಟಕವನ್ನು ಪರದೆಗೆ ತಂದಾಗ ದೇವರು ಹಿಂದೆ ಸರಿದು ನಮ್ಮ ನಿಮ್ಮಂಥವರ ಮನೆ ಮುಂದೆ ಬಂದಿತು.

ಆಗ ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಮುಂಬಯಿ ಪ್ರಾಂತದಲ್ಲಿದ್ದವು. ರಾಮದುರ್ಗ ಬೇರೆ ಸಂಸ್ಥಾನ. ಮರಾಠಿ ನಮಗೆ ಪರಕೀಯವಾಗಿರಲಿಲ್ಲ. 1937ರಲ್ಲಿ ಪ್ರಭಾತ ಕಂಪನಿಯ ಶಾಂತಾರಾಮರು ಮರಾಠಿಯಲ್ಲಿ ‘ಕುಂಕೂ’ ತೆಗೆದರು. ಮೋಸದಿಂದ ಮುದಿ ವಕೀಲನಿಗೆ ಕೊಟ್ಟ ನೀರಾ ಎಂಬ ಹುಡುಗಿ ಅವನನ್ನು ಗಂಡನೆಂದು ಒಪ್ಪುವದಿಲ್ಲ. ಬಾವಿಗೆ ಬೀಳುವದಿಲ್ಲ, ಅದೇ ಮನೆಯಲ್ಲಿ ನಿಂತು ಹೋರಾಡುತ್ತಾಳೆ. ಶಾಂತಾ ಆಪ್ಟೆಯವರದು ಆ ಪಾತ್ರ. ಕೊನೆಗೆ ಮುದುಕನಿಗೇ ತನ್ನ ತಪ್ಪು ತಿಳಿಯುತ್ತದೆ.

1929ರ ಶಾರದಾ ಕಾಯ್ದೆ ಆಗಲೇ ಇತ್ತು. ಹುಡುಗಿಗೆ 14 ತುಂಬಿತೇ ಎಂದು ಅದು ಕೇಳಿತು. ಅವಳಿಗೆ ಒಪ್ಪಿಗೆಯೇ ಎಂದು ಕೇಳಲಿಲ್ಲ. ಇಂದು ಕಾಯ್ದೆ 18 ಎನ್ನುತ್ತದೆ. ಎರಡನೆಯ ಪ್ರಶ್ನೆ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಬಾಕಿ ಇದೆ.

ನಾನು ಮಾಸ್ತರನಾಗಿದ್ದಾಗ ಏಳನೆಯ ಇಯತ್ತೆಯ ಜಾಣ ಹುಡುಗಿಯೊಬ್ಬಳು ಬೇಸಿಗೆ ಸೂಟಿಯ ನಂತರ ಶಾಲೆಗೆ ಬರಲಿಲ್ಲ. ಅವಳ ಲಗ್ನಕ್ಕೆ ನಾನೂ ಹೋಗಿದ್ದೆ. ಅಕ್ಷತೆ ಹಾಕಿ ಉಂಡು ಬಂದೆ. ಅವಳನ್ನು ಏನೂ ಕೇಳಲಿಲ್ಲ.

ಗಿರಣಿಯಲ್ಲಿ ಮಾಲಕ ನಮ್ಮನ್ನು ಕೇಳದೆ ಪಾಳಿ ಬದಲಿಸಿದರೆ ಬಾಗಿಲಲ್ಲಿ ಕೂಡ್ರುತ್ತೇವೆ. ಪೇಟೆಯಲ್ಲಿ ದಲಾಲ ಕೇಳದೆ ದರ ಮುರಿದರೆ ಜಗಳ ತೆಗೆಯುತ್ತೇವೆ. ಮಗಳ ಲಗ್ನವನ್ನು ಮಾತ್ರ ಅವಳನ್ನು ಕೇಳದೆಯೇ ನಿಶ್ಚಯಿಸುತ್ತೇವೆ. ಹೊರಗೆ ಬೇಡುವ ನ್ಯಾಯವನ್ನು ಮೊದಲು ಮನೆಯಲ್ಲಿ ಕೊಡೋಣ. ಇಂದು ಮನೆಗೆ ಹೋದಮೇಲೆ ಅವಳನ್ನು ಕೇಳಿರಿ.