ತರಗು ಬೆಂಕಿ ಮತ್ತು ವಾಲ್ಡನ್ ಕೊಳ

(ಯಳಂದೂರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ನಿಸರ್ಗವು ಮನುಷ್ಯನ ಹೊಟ್ಟೆಯನ್ನು ತುಂಬಿಸುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದು ಮನುಷ್ಯನ ವಿಚಾರವನ್ನೂ ರೂಪಿಸುತ್ತದೆಯೇ ಎಂಬುದು ಇಂದಿನ ಪ್ರಶ್ನೆ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡವರು ಅತೀಂದ್ರಿಯವಾದಿಗಳೆಂದು ಹೆಸರಾದ ಚಿಂತಕರು. 1836ರಲ್ಲಿ ರಾಲ್ಫ್ ವಾಲ್ಡೊ ಎಮರ್ಸನ್ ‘ನೇಚರ್’ ಎಂಬ ಕಿರುಹೊತ್ತಗೆಯನ್ನು ಪ್ರಕಟಿಸಿದರು. ಸತ್ಯವು ಗ್ರಂಥ ಮತ್ತು ಪುರೋಹಿತರ ಮೂಲಕವೇ ಬರಬೇಕಾಗಿಲ್ಲ, ನಿಸರ್ಗದ ಸನ್ನಿಧಿಯಲ್ಲಿ ಪ್ರತಿಯೊಬ್ಬನ ಅಂತರಂಗಕ್ಕೂ ಅದು ನೇರವಾಗಿ ಹೊಳೆಯಬಲ್ಲದು ಎಂಬುದು ಅವರ ನಿಲುವು. ಅವರ ಕಿರಿಯ ಮಿತ್ರ ಹೆನ್ರಿ ಡೇವಿಡ್ ಥೋರೊ ಈ ಮಾತನ್ನು ಬದುಕಿ ಪರೀಕ್ಷಿಸಿದರು. 1845ರ ಜುಲೈನಿಂದ 1847ರ ಸೆಪ್ಟೆಂಬರಿನವರೆಗೆ ಅವರು ಕಾನ್‌ಕಾರ್ಡ್ ಊರಿನ ಬಳಿಯ ವಾಲ್ಡನ್ ಕೊಳದ ದಡದಲ್ಲಿ, ತಾವೇ ಕಟ್ಟಿದ ಗುಡಿಸಲಲ್ಲಿ ವಾಸಿಸಿದರು. ಸುಮಾರು ಎರಡೂವರೆ ಎಕರೆಯಲ್ಲಿ ಹುರುಳಿಕಾಯಿ ಬೆಳೆದರು. ಭಗವದ್ಗೀತೆಯನ್ನು ಓದಿದರು. ಆ ಕೊಳಕ್ಕೆ ತಳವೇ ಇಲ್ಲವೆಂದು ಊರವರು ನಂಬಿದ್ದರು. ಥೋರೊ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಅದರ ಆಳ 102 ಅಡಿ ಎಂದು ಕಂಡುಕೊಂಡರು. ಧ್ಯಾನವೂ ಅಳತೆಯೂ ಒಂದೇ ಬದುಕಿನಲ್ಲಿ ಕೂಡಿದ್ದವು.

ಆದರೆ ಅದೇ ಥೋರೊ 1844ರ ವಸಂತದಲ್ಲಿ ಮೀನು ಬೇಯಿಸಲು ಹೊತ್ತಿಸಿದ ಬೆಂಕಿ ಒಣಹುಲ್ಲಿಗೆ ತಗುಲಿ, ಕಾನ್‌ಕಾರ್ಡಿನ ಸುಮಾರು 300 ಎಕರೆ ಕಾಡು ಸುಟ್ಟುಹೋಗಿತ್ತು. ಅವರಿಗೆ ಕಾಡಿನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿ ಇತ್ತು, ಬೆಂಕಿಯ ತಿಳಿವಳಿಕೆ ಸಾಲದಾಗಿತ್ತು. ಮುಂದೆ ವರ್ಷಗಟ್ಟಲೆ ಕಾಡು ಸುತ್ತಿ, 1860ರಲ್ಲಿ ಅವರು ಒಂದು ಜಾತಿಯ ಮರದ ಜಾಗದಲ್ಲಿ ಮತ್ತೊಂದು ಜಾತಿ ಹೇಗೆ ಬೆಳೆದು ಬರುತ್ತದೆ ಎಂಬುದನ್ನು ರೈತರ ಮುಂದೆ ವಿವರಿಸಿದರು. ನಿಸರ್ಗವು ವಿಚಾರವನ್ನು ರೂಪಿಸುವುದು ಒಂದು ದಿನದ ದರ್ಶನದಿಂದಲ್ಲ, ದೀರ್ಘಕಾಲದ ಸಹವಾಸದಿಂದ.

ಈ ಮಾತನ್ನು ಪರೀಕ್ಷಿಸಲು ಯಳಂದೂರಿನವರು ದೂರ ಹೋಗಬೇಕಾಗಿಲ್ಲ. ಮೇಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಬದುಕಿದೆ. ಅವರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ‘ಯೆಲೆ’ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ನೆಲೆಗಳಿವೆ. ಭಾರ್ಗವಿ ಹೊಳೆಯ ಬಳಿಯ ದೊಡ್ಡ ಸಂಪಿಗೆ ಅವರಿಗೆ ಕೇವಲ ಮರವಲ್ಲ, ದೈವ. ಬೆಟ್ಟದ ರಂಗನಾಥಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದ ಭಾವ. ಎಮರ್ಸನ್ನರಿಗೆ ನಿಸರ್ಗವು ಆತ್ಮದ ಸಂಕೇತವಾಗಿತ್ತು. ಸೋಲಿಗರಿಗೆ ಅದು ನಂಟಸ್ತಿಕೆ. ಸಂಕೇತವನ್ನು ಓದಿದರೆ ಸಾಕು, ನಂಟನ್ನು ನಡೆಸಿಕೊಂಡು ಹೋಗಬೇಕಾಗುತ್ತದೆ.

ನಡೆಸಿಕೊಂಡು ಹೋಗುವ ಬಗೆಗಳಲ್ಲಿ ತರಗು ಬೆಂಕಿಯೂ ಒಂದಾಗಿತ್ತು. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತೇವವಿರುವಾಗ ಉದುರಿದ ಎಲೆಗೆ ಬೆಂಕಿಯಿಡುತ್ತಿದ್ದರು. ಉರಿ ತಗ್ಗಾಗಿ ಸಾಗುತ್ತಿತ್ತು, ದೊಡ್ಡ ಮರಗಳನ್ನು ಸುಡುತ್ತಿರಲಿಲ್ಲ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಸ್ಥಳಾಂತರ ಬೇಸಾಯ ನಿಂತಿತು, ಬೆಂಕಿಯೂ ನಿಷಿದ್ಧವಾಯಿತು. ಲಂಟಾನ ಹಬ್ಬಿದ್ದು, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿದ್ದು ಆಮೇಲೆಯೇ ಎಂದು ಸೋಲಿಗ ಹಿರಿಯರು ಹೇಳುತ್ತ ಬಂದರು. 1997ರಿಂದ 2008ರ ನಡುವೆ ಬೆಟ್ಟದಲ್ಲಿ ಲಂಟಾನ ಕಂಡುಬರುವ ಜಾಗಗಳು ಸುಮಾರು ದುಪ್ಪಟ್ಟಾದುದನ್ನು ಏಟ್ರೀ ಸಂಸ್ಥೆಯ ಸಂಶೋಧಕರು ದಾಖಲಿಸಿದರು. ಹಿರಿಯರ ವಿವರಣೆಯನ್ನೂ ಅವರು ಪರಿಶೀಲನೆಗೆ ಯೋಗ್ಯವೆಂದು ಗಂಭೀರವಾಗಿ ತೆಗೆದುಕೊಂಡರು.

ಇಲ್ಲಿ ಎಚ್ಚರ ಅಗತ್ಯ. ಲಂಟಾನದ ಹಣ್ಣನ್ನು ತಿಂದು ಹಕ್ಕಿಗಳು ಬೀಜ ಹರಡುತ್ತವೆ. ಅದರ ಹಬ್ಬುವಿಕೆಗೆ ಬೆಂಕಿ ನಿಂತದ್ದೊಂದೇ ಕಾರಣವೆನ್ನಲಾಗದು. ದಶಕಗಳಿಂದ ಪೊದೆ ಬೆಳೆದು ನಿಂತ ಕಾಡಿಗೆ ಇಂದು ಬೆಂಕಿಯಿಟ್ಟರೆ ಅದು ತರಗು ಬೆಂಕಿಯಾಗದು, ಕಾಳ್ಗಿಚ್ಚಾದೀತು. ಮೊದಲು ಲಂಟಾನ ಕಡಿದು ತೆಗೆಯಬೇಕು. ಬಳಿಕ ಅರಣ್ಯ ಇಲಾಖೆ, ವಿಜ್ಞಾನಿಗಳು ಮತ್ತು ಹಿರಿಯರು ಕೂಡಿ ಸಣ್ಣ ತಾಕುಗಳಲ್ಲಿ ಪರೀಕ್ಷಿಸಬೇಕು. ಹಳೆಯ ತಿಳಿವಳಿಕೆಯನ್ನು ಪೂಜಿಸುವುದೂ ತಪ್ಪು, ಕೇಳದೆ ತಳ್ಳಿಹಾಕುವುದೂ ತಪ್ಪು.

2011ರ ಜನವರಿಯಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯನ್ವಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತವು. ಇದು ಕಾಡಿನ ಉತ್ಪನ್ನಕ್ಕಷ್ಟೇ ಸಂಬಂಧಿಸಿದ ಮಾತಲ್ಲ. ಕಾಡಿನೊಳಗೆ ಕಾಲಿಡುವ ಹಕ್ಕಿಲ್ಲದವನಿಗೆ ಕಾಡಿನಂತೆ ಯೋಚಿಸುವ ಅವಕಾಶವೂ ಇರದು. ಜೇನಿನ ಕಾಲ, ಗೆಡ್ಡೆಯ ಗುರುತು, ಹೊಳೆಯ ಹೆಸರು ಇವೆಲ್ಲ ನಡೆದಾಡುವ ಕಾಲುಗಳಲ್ಲಿ ಉಳಿಯುವ ವಿದ್ಯೆ. ನಡಿಗೆ ನಿಂತರೆ ಒಂದೆರಡು ತಲೆಮಾರಿನಲ್ಲಿ ಮಾತು ನಿಲ್ಲುತ್ತದೆ, ಮಾತಿನ ಹಿಂದೆ ವಿಚಾರವೂ ನಿಲ್ಲುತ್ತದೆ.

ವಿದ್ಯಾರ್ಥಿಮಿತ್ರರೇ, ಹಾಸ್ಟೆಲಿನಿಂದ ರಜೆಗೆ ಊರಿಗೆ ಮರಳಿದಾಗ ಮಾಡಬಹುದಾದ ಕೆಲಸವೊಂದಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದು ಕಚೇರಿಯ ಬೀರುವಿನಲ್ಲಿ ಧೂಳು ತಿನ್ನುವ ಕಡತವಾಗಬಾರದು. ಅಜ್ಜಿಯೊಡನೆ ನಡೆದುಹೋಗಿ ಅಬ್ಬಿಗಳ ಹೆಸರು ಬರೆದುಕೊಳ್ಳಿ. ಯಾವ ತಿಂಗಳು ಯಾವ ಮರ ಹೂ ಬಿಡುತ್ತದೆಂದು ಗುರುತಿಸಿ, ಮುಂದಿನ ವರ್ಷ ಮತ್ತೆ ನೋಡಿ. ಥೋರೊ ತಮ್ಮೂರಿನ ಹೂಗಳು ಅರಳಿದ ದಿನಗಳನ್ನು ವರ್ಷವರ್ಷವೂ ಬರೆದಿಟ್ಟರು. ಹವಾಮಾನದ ಬದಲಾವಣೆಯನ್ನು ಅಳೆಯಲು ಇಂದಿನ ವಿಜ್ಞಾನಿಗಳು ಆ ಟಿಪ್ಪಣಿಗಳನ್ನು ಬಳಸುತ್ತಿದ್ದಾರೆ. ಬಿಳಿಗಿರಿಯ ಮಕ್ಕಳು ಇಂದು ಬರೆದಿಟ್ಟದ್ದು ಇನ್ನೂರು ವರ್ಷಗಳ ನಂತರ ಯಾರಿಗೆ ದಾರಿಯಾದೀತೋ ಹೇಳಲಾಗದು. ಬರೆಯದೆ ಉಳಿದದ್ದು ಮಾತ್ರ ಯಾರಿಗೂ ದಾರಿಯಾಗದು.