ಸುತ್ತಿ ಬಳಸದ ಇಂಗ್ಲಿಷ್

(ಪ್ರೌಢಶಾಲೆಗಳ ಇಂಗ್ಲಿಷ್ ಅಧ್ಯಾಪಕರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ದೆಹಲಿಯ ರೈಲು ವಸ್ತುಸಂಗ್ರಹಾಲಯದಿಂದಾಗಿ ದೇಶಕ್ಕೆಲ್ಲ ಪರಿಚಯವಾದ ಒಂದು ಪತ್ರವಿದೆ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕರು ಸಾಹಿಬ್‌ಗಂಜ್‌ನ ರೈಲ್ವೆ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದದ್ದು ಎನ್ನಲಾದ ದೂರು ಅದು. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿತ್ತು. ರೈಲು ಅಹ್ಮದ್‌ಪುರ ಸ್ಟೇಷನ್ನಿನಲ್ಲಿ ನಿಂತಾಗ ಅವರು ಇಳಿದು ಬಹಿರ್ದೆಸೆಗೆ ಹೋದರು. ಅಷ್ಟರಲ್ಲಿ ಗಾರ್ಡ್ ಸೀಟಿ ಊದಿದ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಪಂಚೆ ಹಿಡಿದು ಓಡುವಾಗ ಮುಗ್ಗರಿಸಿ ಬಿದ್ದರು. ಪ್ಲಾಟ್‌ಫಾರಂ ಮೇಲಿದ್ದ ಗಂಡಸರು, ಹೆಂಗಸರ ಮುಂದೆ ಮಾನ ಹೋಯಿತು, ರೈಲೂ ಹೋಯಿತು. ಗಾರ್ಡ್‌ಗೆ ದೊಡ್ಡ ದಂಡ ವಿಧಿಸಬೇಕು, ಇಲ್ಲವಾದರೆ ಪತ್ರಿಕೆಗಳಿಗೆ ತಿಳಿಸುವುದಾಗಿ ಸೇನ್ ಎಚ್ಚರಿಸಿದರು.

ಕೆಳದರ್ಜೆಯ ಬೋಗಿಗಳಲ್ಲಿ ಶೌಚಾಲಯ ಬರಲು ಈ ಪತ್ರವೇ ಕಾರಣ ಎಂಬ ಪ್ರತೀತಿಯಿದೆ. ಅದು ಎಷ್ಟರಮಟ್ಟಿಗೆ ನಿಜವೋ, ಇಲ್ಲಿನ ಮಾತು ಅದಲ್ಲ. ಪತ್ರದಲ್ಲಿ ಕಾಗುಣಿತ ತಪ್ಪಿದೆ, ವ್ಯಾಕರಣ ತಪ್ಪಿದೆ. ಯಾವುದೇ ಶಾಲೆಯಲ್ಲಿ ಅದಕ್ಕೆ ಪಾಸು ಅಂಕ ಸಿಗುವುದು ಕಷ್ಟ. ಆದರೆ ಏನಾಯಿತು, ಎಲ್ಲಿ ಆಯಿತು, ಯಾರಿಂದ ಆಯಿತು, ಬರೆದವರಿಗೆ ಏನು ಬೇಕು ಎಂಬ ನಾಲ್ಕೂ ಸಂಗತಿ ಒಂದೇ ಓದಿಗೆ ತಿಳಿಯುತ್ತದೆ. ಪತ್ರದ ಉದ್ದ ಒಂದು ಅಂಚೆ ಕಾರ್ಡಿಗೆ ಸಾಕಾಗುವಷ್ಟು.

ಈಗ ಇದರ ಪಕ್ಕದಲ್ಲಿ ನಮ್ಮ ಶಾಲೆಗಳ ರಜಾ ಅರ್ಜಿಯನ್ನು ಇಟ್ಟು ನೋಡಿ. 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್' ಎಂದು ಆರಂಭವಾಗಿ 'ಯುವರ್ ಮೋಸ್ಟ್ ಒಬೀಡಿಯೆಂಟ್ ಸ್ಟೂಡೆಂಟ್' ಎಂದು ಮುಗಿಯುವ ಆ ಅರ್ಜಿಯಲ್ಲಿ ಹುಡುಗನಿಗೆ ಯಾವಾಗಲೂ ಜ್ವರ. ಮನೆಯಲ್ಲಿ ಅಕ್ಕನ ಮದುವೆ ಇದ್ದರೂ ಅವನು ಬರೆಯುವುದು ಜ್ವರವನ್ನೇ, ಬಾಯಿಪಾಠವಾಗಿರುವುದು ಅದೊಂದೇ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ, ಸಂಗತಿಯೇ ಸುಳ್ಳು. ಇಂಗ್ಲಿಷ್ ಕಲಿಯುವವರಿಗೆ ಸ್ಪಷ್ಟವಾಗಿ, ಚಿಕ್ಕದಾಗಿ ಬರೆಯುವುದನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಈ ಎರಡು ಕಾಗದಗಳ ನಡುವೆ ಇದೆ.

ಭಾರತೀಯರು ಇಂಗ್ಲಿಷನ್ನು ಉದ್ದುದ್ದ ಎಳೆದು ಬರೆಯುತ್ತಾರೆ ಎಂಬ ದೂರು ಹಳೆಯದು. ಮೆಕಾಲೆಯ ಟಿಪ್ಪಣಿ ಬಂದದ್ದು 1835ರ ಫೆಬ್ರವರಿಯಲ್ಲಿ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ವಿದ್ಯಾಭ್ಯಾಸ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಎಂದು ಪ್ರಕಟಿಸಿದ. ಅಲ್ಲಿಂದ ಮುಂದೆ ಇಂಗ್ಲಿಷ್ ಎಂದರೆ ಗುಮಾಸ್ತಿಕೆಯ ಬಾಗಿಲು. ಆ ಬಾಗಿಲಿನಲ್ಲಿ ಹೊಕ್ಕವರಿಗೆ ಕಂಡ ಇಂಗ್ಲಿಷ್ ಯಾವುದು? ಕಂಪನಿಯ ಕಾಲದಿಂದ ಬಂದ ಕಚೇರಿ ಕಡತದ ಇಂಗ್ಲಿಷ್. ಒಬ್ಬ ಇಂಗ್ಲಿಷ್ ಅಧಿಕಾರಿ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿಗೆ ಬರೆಯುವಾಗಲೂ, ತಾನು ಆತನ ಅತ್ಯಂತ ವಿಧೇಯ ಸೇವಕನಾಗಿರುವ ಗೌರವ ತನಗಿದೆ ಎಂದು ಸಹಿ ಹಾಕುತ್ತಿದ್ದ. ಗುಮಾಸ್ತ ಅದನ್ನು ದಿನಕ್ಕೆ ಹತ್ತು ಸಲ ನಕಲು ಮಾಡಿದ. ಸಂಜೆ ಮನೆಗೆ ಹೋಗಿ ತನ್ನ ಸ್ವಂತ ಕಾಗದ ಬರೆಯುವಾಗ ಬೇರೆ ಇಂಗ್ಲಿಷ್ ಎಲ್ಲಿಂದ ತರಬೇಕಿತ್ತು?

ಆಳುವವರು ಮಾತ್ರ ನಕ್ಕರು. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಅನುಕೂಲ ಚಂದ್ರ ಮುಖರ್ಜಿಯವರ ಜೀವನಚರಿತ್ರೆಯನ್ನು ಅವರ ಬಂಧುವೊಬ್ಬರು 1873ರಲ್ಲಿ ಇಂಗ್ಲಿಷಿನಲ್ಲಿ ಬರೆದರು. ನುಡಿಗಟ್ಟುಗಳನ್ನು ಪುಸ್ತಕದಿಂದ ಆರಿಸಿ ಸಾಲಾಗಿ ಪೋಣಿಸಿದಂತಿದ್ದ ಆ ಕೃತಿ ಇಂಗ್ಲಿಷರ ಕ್ಲಬ್ಬುಗಳಲ್ಲಿ ಬಹುಕಾಲ ತಮಾಷೆಯ ವಸ್ತುವಾಯಿತು. 1891ರಲ್ಲಿ ಆರ್ನಾಲ್ಡ್ ರೈಟ್ ಎಂಬಾತ 'ಬಾಬು ಇಂಗ್ಲಿಷ್' ಮಾದರಿಗಳನ್ನು ಸಂಗ್ರಹಿಸಿ ಪುಸ್ತಕವನ್ನೇ ತಂದ. ಮೃತರಾದ ಹಿರಿಯರೊಬ್ಬರ ಮೇಲಿನ ಗೌರವದಿಂದ ಬರೆದ ಪುಸ್ತಕ ಹೀಗೆ ನಗೆಪಾಟಲಾದದ್ದು ಬೇಸರದ ಸಂಗತಿ. ಬಾಬು ಇಂಗ್ಲಿಷ್ ಅಜ್ಞಾನದಿಂದ ಹುಟ್ಟಿದ್ದಲ್ಲ, ವಿಧೇಯತೆಯಿಂದ ಹುಟ್ಟಿದ್ದು. ಬಹುಮಾನ ಯಾವುದಕ್ಕೆ ಸಿಗುತ್ತಿತ್ತೋ ಅದನ್ನು ಅವರು ಕಲಿತರು.

ಇಂಗ್ಲಿಷರಿಗೇ ತಮ್ಮ ಕಚೇರಿ ಭಾಷೆ ಸಾಕಾದದ್ದು ಸ್ವಲ್ಪ ತಡವಾಗಿ. 1940ರ ಆಗಸ್ಟ್ 9ರಂದು, ಯುದ್ಧ ಜೋರಾಗಿದ್ದಾಗ, ಪ್ರಧಾನಿ ಚರ್ಚಿಲ್ ತಮ್ಮ ಇಲಾಖೆಗಳಿಗೆ ಸಂಕ್ಷಿಪ್ತತೆಯ ಬಗ್ಗೆಯೇ ಒಂದು ಟಿಪ್ಪಣಿ ಕಳುಹಿಸಿದರು. ವರದಿಗಳು ತೀರಾ ಉದ್ದವಾಗಿವೆ, ಮುಖ್ಯಾಂಶಗಳನ್ನು ಚಿಕ್ಕ ಪ್ಯಾರಾಗಳಲ್ಲಿ ಕೊಡಿ, ವಿವರಗಳನ್ನು ಅನುಬಂಧಕ್ಕೆ ಹಾಕಿ, ಜಾಗ ತುಂಬುವ ಪದಪುಂಜಗಳನ್ನು ಕಿತ್ತುಹಾಕಿ ಎಂಬುದು ಅದರ ಸಾರ. ಇದೇ ಚರ್ಚಿಲ್ ತರುಣ ಸೇನಾಧಿಕಾರಿಯಾಗಿ 1896ರಲ್ಲಿ ಬೆಂಗಳೂರು ದಂಡಿಗೆ ಬಂದಿದ್ದವರು. ಮಧ್ಯಾಹ್ನದ ಬಿಸಿಲಿನಲ್ಲಿ ಗಿಬ್ಬನ್ ಮತ್ತು ಮೆಕಾಲೆಯವರ ಇತಿಹಾಸ ಗ್ರಂಥಗಳನ್ನು ಓದಿ ಇಂಗ್ಲಿಷ್ ಗದ್ಯ ಕಲಿತದ್ದು ಇಲ್ಲೇ. ಅವರ ಸ್ವಂತ ಬರಹ ಎಂದೂ ಚಿಕ್ಕದಾಗಿರಲಿಲ್ಲ ಎಂಬುದು ಬೇರೆ ಮಾತು!

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಖಜಾನೆ ಇಲಾಖೆ, ಹಿರಿಯ ಅಧಿಕಾರಿ ಸರ್ ಅರ್ನೆಸ್ಟ್ ಗೋವರ್ಸ್ ಅವರಿಂದ ಸರ್ಕಾರಿ ನೌಕರರಿಗಾಗಿ ಒಂದು ಕೈಪಿಡಿ ಬರೆಯಿಸಿತು. 1948ರಲ್ಲಿ ಬಂದ 'ಪ್ಲೇನ್ ವರ್ಡ್ಸ್' ಅದು. ಓದುವವನು ಯಾರೆಂದು ಮೊದಲು ಯೋಚಿಸು, ನಿನಗೇನು ಹೇಳಬೇಕಾಗಿದೆಯೋ ಅದನ್ನು ತಿಳಿದುಕೋ, ಅಗತ್ಯಕ್ಕಿಂತ ಹೆಚ್ಚು ಪದ ಬೇಡ, ಪರಿಚಿತ ಪದವನ್ನೇ ಬಳಸು ಎಂಬುದು ಅದರ ಬೋಧನೆ. ಇಂಗ್ಲಿಷರೇ ಹುಟ್ಟುಭಾಷೆಯನ್ನು ಹೊಸದಾಗಿ ಕಲಿಯಬೇಕಾಯಿತು. ಭಾರತ ಸ್ವತಂತ್ರವಾಗಿ ಆಗಷ್ಟೇ ಒಂದು ವರ್ಷ ಕಳೆಯುತ್ತಿತ್ತು. ಅವರು ಮನೆಯಿಂದ ಗುಡಿಸಿ ಹೊರಹಾಕಿದ 'ಡೂ ದಿ ನೀಡ್‌ಫುಲ್' ನಮ್ಮ ಕಚೇರಿಗಳಲ್ಲಿ ಭದ್ರವಾಗಿ ಉಳಿಯಿತು.

ಆದರೆ ಕಲಿಯುವವರ ದೃಷ್ಟಿಯಿಂದ ಮುಖ್ಯವಾದ ಕೆಲಸ ಇದಕ್ಕೂ ಮೊದಲೇ, ಲಂಡನ್ನಿನಲ್ಲಲ್ಲ, ಢಾಕಾದಲ್ಲಿ ನಡೆದಿತ್ತು. ಅಲ್ಲಿನ ಅಧ್ಯಾಪಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್ ಬಂಗಾಳದ ಹುಡುಗರ ಇಂಗ್ಲಿಷ್ ಕಲಿಕೆಯನ್ನು ಪರಿಶೀಲಿಸಿ 1926ರಲ್ಲಿ ಒಂದು ವರದಿ ಪ್ರಕಟಿಸಿದರು. ಹೆಚ್ಚಿನ ಹುಡುಗರು ನಡುವೆಯೇ ಶಾಲೆ ಬಿಡುತ್ತಾರೆ, ಹಾಗೆ ಬಿಟ್ಟವನ ಕೈಯಲ್ಲಿ ಏನು ಉಳಿಯಿತು ಎಂದು ಅವರು ಕೇಳಿದರು. ಅದಕ್ಕೆ ಅವರು ಬಳಸಿದ ಪದ 'ಸರೆಂಡರ್ ವ್ಯಾಲ್ಯೂ'. ವಿಮಾ ಪಾಲಿಸಿಯನ್ನು ನಡುವೆ ನಿಲ್ಲಿಸಿದವರಿಗೆಲ್ಲ ಇದರ ಅರ್ಥ ಗೊತ್ತು. ಹತ್ತು ವರ್ಷ ಕಂತು ಕಟ್ಟಿದರೆ ಮಾತ್ರ ಫಲ, ಐದಕ್ಕೆ ಬಿಟ್ಟರೆ ಸೊನ್ನೆ ಎನ್ನುವ ಪಾಲಿಸಿಯನ್ನು ಯಾರು ಕೊಳ್ಳುತ್ತಾರೆ? ಶಾಲೆಯ ಇಂಗ್ಲಿಷ್ ಅಂಥ ಪಾಲಿಸಿಯಾಗಿತ್ತು.

ವೆಸ್ಟ್ ಮಕ್ಕಳ ಪಠ್ಯಗಳನ್ನು ಕೈಗೆತ್ತಿಕೊಂಡು ಅಪರೂಪದ ಹಳೆಯ ಪದಗಳನ್ನು ತೆಗೆದರು. 'ಐಲ್' ಹೋಗಿ 'ಐಲೆಂಡ್' ಬಂತು, 'ನಾಟ್' ಇದ್ದಲ್ಲಿ 'ನಥಿಂಗ್', 'ಎಯರ್' ಇದ್ದಲ್ಲಿ 'ಬಿಫೋರ್'. ಹೊಸ ಪದಗಳು ಒಂದೇ ಪುಟದಲ್ಲಿ ಮುತ್ತಿಗೆ ಹಾಕದಂತೆ ದೂರ ದೂರ ಹಂಚಿದರು. 1935ರಲ್ಲಿ ಎಂಡಿಕಾಟ್ ಜೊತೆಗೂಡಿ ತಂದ ನಿಘಂಟಿನಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳ ಅರ್ಥವನ್ನು ಕೇವಲ 1,490 ಪದಗಳ ಒಳಗೇ ವಿವರಿಸಿದರು. ಈ ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಸಾವಿರದೈನೂರು ಪದ ಬಲ್ಲ ಹುಡುಗ ಇಡೀ ನಿಘಂಟನ್ನು ಓದಬಲ್ಲ ಎಂದಾಯಿತು. ಆ ಹುಡುಗ ತನಗೆ ಬೇಕಾದದ್ದನ್ನು ಬರೆಯಲಾರ ಎನ್ನಲು ಯಾವ ಕಾರಣವೂ ಉಳಿಯಲಿಲ್ಲ. ಇಂದು ಕಲಿಯುವವರಿಗಾಗಿ ಬರುವ ಇಂಗ್ಲಿಷ್ ನಿಘಂಟುಗಳಲ್ಲಿ ಹಲವು ಸೀಮಿತ ಪದಗಳಲ್ಲೇ ಅರ್ಥ ಕೊಡುವ ಈ ಕ್ರಮವನ್ನು ಅನುಸರಿಸುತ್ತವೆ.

ಪದ ಕಡಿಮೆ ಮಾಡಿದರೆ ಸಾಕೇ? ಅದೂ ಅಲ್ಲ. 1930ರಲ್ಲಿ ಸಿ.ಕೆ. ಆಗ್ಡನ್ 850 ಪದಗಳ 'ಬೇಸಿಕ್ ಇಂಗ್ಲಿಷ್' ರೂಪಿಸಿದರು. ಅದರಲ್ಲಿ ಕ್ರಿಯಾಪದಗಳು ಹದಿನೆಂಟೇ. ಲೆಕ್ಕಕ್ಕೆ ಚೆನ್ನ, ಬಳಕೆಗೆ ಕಷ್ಟ. 'ಟಾಲರೇಟ್' ಬೇಡವೆಂದರೆ 'ಪುಟ್ ಅಪ್ ವಿತ್' ಎನ್ನಬೇಕು. ಮೂರೂ ಚಿಕ್ಕ ಪದಗಳೇ. ಮೂರರ ಅರ್ಥ ಬೇರೆ ಬೇರೆಯಾಗಿ ತಿಳಿದವನಿಗೂ ಒಟ್ಟಿಗೆ ಸೇರಿದಾಗ 'ಸಹಿಸಿಕೊಳ್ಳು' ಎಂದಾಗುತ್ತದೆ ಎಂದು ಹೊಳೆಯದು. ಚಿಕ್ಕ ಪದ ಎಂದರೆ ಸುಲಭ ಪದ ಎಂದೇನೂ ಅಲ್ಲ.

ನಮ್ಮ ತರಗತಿಗೆ ಬಂದರೆ, ಕನ್ನಡದ ಮಗು ಇಂಗ್ಲಿಷಿನಲ್ಲಿ ಎಡವುವ ಜಾಗಗಳಿಗೆ ಕಾರಣ ಅನೇಕ ವೇಳೆ ಕನ್ನಡದ ಸೊಗಸೇ. 'ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ಸು ಹಿಡಿದು ಶಾಲೆಗೆ ಬಂದೆ' ಎಂಬುದು ಒಳ್ಳೆಯ ಕನ್ನಡ ವಾಕ್ಯ. ಅದು ಉದ್ದವಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ಎದ್ದು, ಮಾಡಿ, ತಿಂದು, ಹಿಡಿದು ಎಂಬ ಕೃದಂತಗಳು ಮಣಿಯಂತೆ ಜೋಡಿಸಿಕೊಳ್ಳುತ್ತವೆ, ಕೊನೆಯ ಕ್ರಿಯಾಪದ ಗಂಟು ಹಾಕುತ್ತದೆ. ಇದನ್ನೇ ಇಂಗ್ಲಿಷಿಗೆ ಎಳೆದರೆ ನಾಲ್ಕು 'ಹ್ಯಾವಿಂಗ್' ಬಂದು ವಾಕ್ಯ ಕುಸಿಯುತ್ತದೆ. ಕನ್ನಡದಲ್ಲಿ 'ನಾನು' ಎನ್ನದೆಯೂ 'ಬಂದೆ' ಎಂದರೆ ಸಾಕು, ಇಂಗ್ಲಿಷಿನಲ್ಲಿ ಕರ್ತೃ ಇಲ್ಲದೆ ನಡೆಯದು. ಕನ್ನಡ ಕೊನೆಯವರೆಗೂ ಕಾಯುತ್ತದೆ, ಇಂಗ್ಲಿಷ್ ಯಾರು ಏನು ಮಾಡಿದರು ಎಂಬುದನ್ನು ಮೊದಲೇ ಕೇಳುತ್ತದೆ. ಇದನ್ನು ಮಕ್ಕಳಿಗೆ ಕನ್ನಡದಲ್ಲಿಯೇ, ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಬರೆದು ತೋರಿಸಿದರೆ ಹತ್ತು ನಿಮಿಷದ ಕೆಲಸ. 'ಚಿಕ್ಕದಾಗಿ ಬರೆ' ಎಂದು ಗದರಿಸುತ್ತ ಕುಳಿತರೆ ಹತ್ತು ವರ್ಷವೂ ಸಾಲದು.

ಇನ್ನೊಂದು ದೋಷ ಕನ್ನಡದ್ದಲ್ಲ. 'ಕ್ರಮ ಕೈಗೊಳ್ಳಲಾಗುವುದು', 'ಪರಿಶೀಲಿಸಲಾಗುತ್ತಿದೆ' ಎಂಬ ಸರ್ಕಾರಿ ಕನ್ನಡ ಇಂಗ್ಲಿಷ್ ಕಡತದ ನೆರಳು. ಕ್ರಮ ಕೈಗೊಳ್ಳುವವರು ಯಾರು? ವಾಕ್ಯದಲ್ಲಿ ಅವರು ಕಾಣೆ. ಪಹಣಿಗಾಗಿ ಅಲೆಯುವ ರೈತನಿಗೆ ತಿಳಿಯಬೇಕಾದದ್ದು ಆ ಕಾಣೆಯಾದ ಮನುಷ್ಯನ ಹೆಸರೋ ಹುದ್ದೆಯೋ ಅಷ್ಟೇ. ಇಂಗ್ಲಿಷಿನ ಕರ್ಮಣಿ ಪ್ರಯೋಗವನ್ನು ಪಾಠ ಮಾಡುವಾಗ 'ಕರ್ತರಿಯಿಂದ ಕರ್ಮಣಿಗೆ ಬದಲಾಯಿಸಿ' ಎಂಬ ಅಭ್ಯಾಸವನ್ನು ನೂರು ಸಲ ಮಾಡಿಸುತ್ತೇವೆ. ಕರ್ಮಣಿಯಲ್ಲಿ ಯಾರು ತಪ್ಪಿಸಿಕೊಂಡರು ಎಂದು ಒಮ್ಮೆಯೂ ಕೇಳಿಸುವುದಿಲ್ಲ.

ಸಂಕ್ಷೇಪಿಸಿ ಬರೆಯುವ ಅಭ್ಯಾಸ ನಮ್ಮಲ್ಲಿ ಇಲ್ಲವೆಂದಲ್ಲ. ಕೊಟ್ಟ ಭಾಗವನ್ನು ಮೂರನೇ ಒಂದಕ್ಕೆ ಇಳಿಸುವ 'ಪ್ರೆಸಿ' ಬ್ರಿಟಿಷ್ ಆಡಳಿತದ ಪರೀಕ್ಷೆಗಳಿಂದ ಬಂದು, ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ ಇಂದಿಗೂ ಇದೆ. ಒಳ್ಳೆಯ ಕಸರತ್ತು. ಆದರೆ ಅದರಲ್ಲಿ ಹುಡುಗ ಇಳಿಸುವುದು ಬೇರೆ ಯಾರದೋ ಮಾತನ್ನು, ಅದೂ ಪದಗಳನ್ನು ಬೆರಳಿನಲ್ಲಿ ಎಣಿಸುತ್ತ. ತನ್ನ ಮಾತಿನಲ್ಲಿ ಯಾವುದು ಹೆಚ್ಚಾಯಿತು ಎಂದು ತಿಳಿಯಲು ಬೇರೆ ದಾರಿ ಬೇಕು. ಅವನದೇ ಬರಹವನ್ನು ಪಕ್ಕದವನು ಓದಿ, 'ಇದರಿಂದ ನನಗೇನು ತಿಳಿಯಿತು' ಎಂದು ಹೇಳುವುದು ಒಂದು ದಾರಿ. 'ಡ್ಯೂ ಟು ದಿ ಫ್ಯಾಕ್ಟ್ ದಟ್' ಎಂದಿರುವಲ್ಲಿ 'ಬಿಕಾಸ್' ಸಾಕು, 'ಇನ್ ದಿ ಇವೆಂಟ್ ಆಫ್' ಬದಲು 'ಇಫ್' ಸಾಕು ಎಂಬುದನ್ನು ಆಗ ಅವನೇ ಕಂಡುಕೊಳ್ಳುತ್ತಾನೆ. ನಮ್ಮವರಿಗೆ ಚಿಕ್ಕದು ಮಾಡುವ ಬುದ್ಧಿ ಇಲ್ಲವೆನ್ನುವವರು 'ಪ್ರಿಪೋನ್' ಪದವನ್ನು ನೆನೆಯಲಿ. ಸಭೆಯನ್ನು ಹಿಂದಿನ ದಿನಾಂಕಕ್ಕೆ ತರುವುದನ್ನು ಒಂದೇ ಪದದಲ್ಲಿ ಹೇಳುವ ಈ ರೂಢಿ ನಮ್ಮ ದೇಶದಲ್ಲೇ ಬೇರೂರಿ ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು.

ಕೆಲಸಕ್ಕಾಗಿ ಭಾಷೆ ಎಂಬ ಪ್ರಯೋಗವೊಂದು ಬೆಂಗಳೂರಿನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಈ ಯೋಜನೆಗೆ ಭಾಷಾ ಬೋಧನೆಯ ಲೋಕದಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದರಲ್ಲಿ ಪಾಲುಗೊಂಡಿತ್ತು. ತರಗತಿಯಲ್ಲಿ ವ್ಯಾಕರಣದ ಪಾಠವಿಲ್ಲ. ರೈಲು ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಮೊದಲು ಮೇಷ್ಟ್ರು ಇಡೀ ತರಗತಿಯೊಂದಿಗೆ ಒಂದನ್ನು ಮಾತಾಡುತ್ತ ಬಿಡಿಸುವರು, ಬಳಿಕ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅದು ಎಷ್ಟು ನಿಜ ಎಂಬ ಚರ್ಚೆ ಮುಗಿದಿಲ್ಲ. ಬರವಣಿಗೆಗೆ ಅಲ್ಲಿ ಹೆಚ್ಚು ಜಾಗವೂ ಇರಲಿಲ್ಲ. ಆದರೂ ಯಾವ ರೈಲು ಹತ್ತಿದರೆ ಹೊತ್ತಿಗೆ ಮುಂಚೆ ಊರು ಸೇರಬಹುದು ಎಂದು ಉತ್ತರಿಸಬೇಕಾದ ಮಗು 'ಐ ಬೆಗ್ ಟು ಸ್ಟೇಟ್' ಎನ್ನಲಾರದು. ಅಲ್ಲಿ ಅದಕ್ಕೆ ಜಾಗವೇ ಇಲ್ಲ.

ಮತ್ತೆ ಅಹ್ಮದ್‌ಪುರದ ರೈಲಿಗೇ ಬರೋಣ. ಒಂಬತ್ತನೇ ತರಗತಿಯ ಮಕ್ಕಳಿಗೆ ಓಖಿಲ್ ಚಂದ್ರ ಸೇನರ ಪತ್ರವನ್ನೇ ಒಂದು ಪೀರಿಯಡ್ಡಿಗೆ ಕೊಟ್ಟು ನೋಡಬಹುದು. ನಗುವಷ್ಟು ನಕ್ಕು ಮುಗಿಸಲಿ, ಪತ್ರವನ್ನು ಮರೆಯುವುದಂತೂ ಇಲ್ಲ. ಆಮೇಲೆ ತಿದ್ದಲು ಹೇಳಬೇಕು. ಷರತ್ತು ಇಷ್ಟೇ: ವ್ಯಾಕರಣ ಸರಿಯಾಗಬೇಕು, ಪತ್ರ ಒಂದು ಸಾಲೂ ಉದ್ದವಾಗಬಾರದು, ಹಲಸಿನ ಹಣ್ಣು, ಚೊಂಬು, ಗಾರ್ಡ್ ಊದಿದ ಸೀಟಿ, ಕೇಳಿದ ದಂಡ ಯಾವುದೂ ಬಿಟ್ಟುಹೋಗಬಾರದು. 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಆರಂಭಿಸಿದವರಿಗೆ ಒಂದು ಅಂಕ ಕಡಿತ.